ಇಂಗ್ಲಿಷ್ ನಾಮಪದಗಳ ನಾನಾರ್ಥ

ಒಂದೇ ಶಬ್ದ ಹಲವು ಅರ್ಥಗಳನ್ನು ಹೊತ್ತಿರುವುದಕ್ಕೆ ನಾನಾರ್ಥ, ಅನೇಕಾರ್ಥ ಅಥವಾ ಬಹ್ವರ್ಥತೆ ಎಂದು ಹೆಸರು. ಯಾವ ಭಾಷೆಯೂ ಇದಕ್ಕೆ ಹೊರತಲ್ಲ. ಆದರೆ ಇಂಗ್ಲಿಷಿನ ದಿನಬಳಕೆಯ ನಾಮಪದಗಳಲ್ಲಿ ಇದು ಎದ್ದು ಕಾಣುತ್ತದೆ. ಬ್ಯಾಂಕ್, ಬಾರ್, ಬೋರ್ಡ್, ಕೋರ್ಟ್, ಚಾರ್ಜ್, ಕೇಸ್, ಪೇಪರ್ ಮುಂತಾದ ಪದಗಳಲ್ಲಿ ಒಂದೊಂದಕ್ಕೂ ನಿಘಂಟುಗಳು ಹಲವಾರು ಅರ್ಥಗಳನ್ನು ಕೊಡುತ್ತವೆ.

ಇದಕ್ಕೆ ಮುಖ್ಯ ಕಾರಣಗಳು ಮೂರು. ಮೊದಲನೆಯದು ಭಾಷೆಯ ಚರಿತ್ರೆ. ಜರ್ಮಾನಿಕ್ ಮೂಲದ ಹಳೆಯ ಇಂಗ್ಲಿಷಿಗೆ ಸ್ಕ್ಯಾಂಡಿನೇವಿಯದ ದಾಳಿಕಾರರಿಂದಲೂ 1066ರ ನಾರ್ಮನ್ ವಿಜಯದ ಬಳಿಕ ಫ್ರೆಂಚಿನಿಂದಲೂ ನವೋದಯ ಕಾಲದಲ್ಲಿ ಲ್ಯಾಟಿನ್ ಮತ್ತು ಗ್ರೀಕ್‌ಗಳಿಂದಲೂ ಪದಗಳು ಹರಿದುಬಂದವು. ಎರಡನೆಯದು ವ್ಯಾಕರಣ. ಹಳೆಯ ಇಂಗ್ಲಿಷಿನಲ್ಲಿದ್ದ ಲಿಂಗಭೇದ ಮತ್ತು ಬಹುತೇಕ ವಿಭಕ್ತಿ ಪ್ರತ್ಯಯಗಳು ಕಳಚಿಹೋಗಿ, ಒಂದೊಮ್ಮೆ ಬೇರೆಯಾಗಿದ್ದ ರೂಪಗಳು ಒಂದೇ ಆದವು. ಮೂರನೆಯದು ಬಳಕೆಯ ವಿಸ್ತಾರ. ಇಂಗ್ಲಿಷ್ ಹೋದ ಖಂಡಗಳಲ್ಲೆಲ್ಲ ಅದರ ನಾಮಪದಗಳು ಆಯಾ ನೆಲದ ಅರ್ಥಗಳನ್ನೂ ಸೇರಿಸಿಕೊಂಡವು.

ಅಧ್ಯಯನದ ಹಿನ್ನೆಲೆ

ಒಂದು ಹೆಸರು ಹಲವು ವಸ್ತುಗಳಿಗೆ ಸಲ್ಲುವ ವಿಚಾರವನ್ನು ಅರಿಸ್ಟಾಟಲ್ ತನ್ನ ‘ಕ್ಯಾಟಗರೀಸ್’ ಗ್ರಂಥದ ಆರಂಭದಲ್ಲೇ ಎತ್ತಿಕೊಳ್ಳುತ್ತಾನೆ. ಭಾರತದಲ್ಲಿ ಕೋಶಕಾರರು ಇದಕ್ಕೆ ಪ್ರತ್ಯೇಕ ಜಾಗವನ್ನೇ ಮಾಡಿಕೊಟ್ಟರು. ಅಮರಕೋಶದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವಿದೆ. 12ನೆಯ ಶತಮಾನದ ಹೇಮಚಂದ್ರ ‘ಅನೇಕಾರ್ಥಸಂಗ್ರಹ’ವನ್ನು ರಚಿಸಿದ. ಕನ್ನಡದಲ್ಲಿ ದೇವೋತ್ತಮನ ‘ನಾನಾರ್ಥರತ್ನಾಕರ’ ಇದೇ ಪರಂಪರೆಯದು. ಆಧುನಿಕ ಭಾಷಾವಿಜ್ಞಾನದಲ್ಲಿ ಬಹ್ವರ್ಥತೆಗೆ ‘ಪಾಲಿಸೆಮಿ’ ಎಂಬ ಪಾರಿಭಾಷಿಕ ಹೆಸರು ನೆಲೆಯೂರಿದ್ದು ಫ್ರೆಂಚ್ ವಿದ್ವಾಂಸ ಮಿಷೆಲ್ ಬ್ರೆಯಾಲ್ 1897ರಲ್ಲಿ ಪ್ರಕಟಿಸಿದ ಶಬ್ದಾರ್ಥವಿಜ್ಞಾನದ ಗ್ರಂಥದಿಂದ. ಹೊಸ ಅರ್ಥ ಹುಟ್ಟಿದ ಮಾತ್ರಕ್ಕೆ ಹಳೆಯದು ಸಾಯುವುದಿಲ್ಲ, ಎರಡೂ ಜೊತೆಯಲ್ಲಿ ಬಾಳುತ್ತವೆ ಎಂಬುದು ಅವನ ವಾದ.

ಸಮರೂಪಿಗಳು ಮತ್ತು ಕವಲರ್ಥಗಳು

ಬೇರೆ ಬೇರೆ ಮೂಲದ ಪದಗಳು ಕಾಲಾಂತರದಲ್ಲಿ ಒಂದೇ ರೂಪಕ್ಕೆ ಬಂದು ನಿಂತರೆ ಅವು ಸಮರೂಪಿಗಳು. ಒಂದೇ ಪದದ ಅರ್ಥ ಬೆಳೆದು ಹಲವಾದರೆ ಅವು ಕವಲರ್ಥಗಳು. ನಿಘಂಟುಗಳಲ್ಲಿ ಸಮರೂಪಿಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ನಮೂದುಗಳಿರುತ್ತವೆ. ಕವಲರ್ಥಗಳು ಒಂದೇ ನಮೂದಿನ ಕೆಳಗೆ ಸಂಖ್ಯೆ ಪಡೆದು ಸಾಲಾಗಿ ನಿಲ್ಲುತ್ತವೆ.

ಸಮರೂಪಿಗಳಿಗೆ ಉದಾಹರಣೆಗಳು ಹೇರಳ. ಖರ್ಜೂರವೆಂಬ ಅರ್ಥದ ‘ಡೇಟ್’ ಬೆರಳು ಎಂಬರ್ಥದ ಗ್ರೀಕ್ ಪದದಿಂದ ಬಂದಿದೆ. ತಾರೀಖು ಎಂಬ ಅರ್ಥದ ‘ಡೇಟ್’ ಲ್ಯಾಟಿನ್ನಿನಲ್ಲಿ ‘ಕೊಟ್ಟದ್ದು’ ಎಂಬುದರಿಂದ ಹುಟ್ಟಿತು. ಇಂಥ ದಿನ ಕೊಟ್ಟದ್ದು ಎಂದು ರೋಮನ್ನರು ಪತ್ರಗಳಲ್ಲಿ ನಮೂದಿಸುತ್ತಿದ್ದರು. ಪಂದ್ಯವೆಂಬ ‘ಮ್ಯಾಚ್’ ಹಳೆಯ ಇಂಗ್ಲಿಷಿನ ‘ಜೊತೆಗಾರ’ನಾದರೆ, ಬೆಂಕಿಕಡ್ಡಿಯೆಂಬ ‘ಮ್ಯಾಚ್’ ಫ್ರೆಂಚಿನ ಬತ್ತಿ. ಕಡತವೆಂಬ ‘ಫೈಲ್’ ಲ್ಯಾಟಿನ್ನಿನ ದಾರದಿಂದ ಬಂತು, ಏಕೆಂದರೆ ಆಗ ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿಡುತ್ತಿದ್ದರು. ಕಬ್ಬಿಣ ಉಜ್ಜುವ ಅರಕ್ಕೆ ಹೇಳುವ ‘ಫೈಲ್’ ಅಪ್ಪಟ ಜರ್ಮಾನಿಕ್ ಪದ. ಗಾಳಿ ಬೀಸುವ ‘ಫ್ಯಾನ್’ನ ಮೂಲ ಲ್ಯಾಟಿನ್ನಿನಲ್ಲಿ ಕಾಳು ತೂರುವ ಮೊರ. ಅಭಿಮಾನಿ ಎಂಬ ‘ಫ್ಯಾನ್’ ಮಾತ್ರ ‘ಫನ್ಯಾಟಿಕ್’ ಎಂಬುದರ ಮೊಟಕು ರೂಪ. 19ನೆಯ ಶತಮಾನದ ಕೊನೆಗೆ ಅಮೆರಿಕದ ಬೇಸ್‌ಬಾಲ್ ವಲಯದಲ್ಲಿ ಬಳಕೆಗೆ ಬಂದದ್ದು. ತೂಕವೂ ಬ್ರಿಟನ್ನಿನ ನಾಣ್ಯವೂ ಆದ ‘ಪೌಂಡ್’ಗೂ ಬೀಡಾಡಿ ದನಗಳನ್ನು ಕೂಡಿಹಾಕುವ ದೊಡ್ಡಿಗೆ ಹೇಳುವ ‘ಪೌಂಡ್’ಗೂ ಸಂಬಂಧವಿಲ್ಲ. ಮೊದಲಿನೆರಡು ಮಾತ್ರ ಒಂದೇ ಪದದ ಕವಲುಗಳು, ಏಕೆಂದರೆ ನಾಣ್ಯದ ಪೌಂಡ್ ಮೂಲತಃ ಒಂದು ಪೌಂಡ್ ತೂಕದ ಬೆಳ್ಳಿ.

ಈ ವಿಂಗಡಣೆ ಎಲ್ಲ ಕಡೆಯೂ ಗೆರೆ ಕೊರೆದಂತೆ ನಿಲ್ಲುವುದಿಲ್ಲ. ಸಮರೂಪಿಗಳಿಗೆ ಎಲ್ಲರೂ ಮೊದಲು ಕೊಡುವ ಉದಾಹರಣೆ ‘ಬ್ಯಾಂಕ್’: ನದಿಯ ದಡ ಒಂದು, ಹಣದ ಸಂಸ್ಥೆ ಇನ್ನೊಂದು. ದಡ ಸ್ಕ್ಯಾಂಡಿನೇವಿಯದ ಕಡೆಯಿಂದ ಬಂತು. ಹಣದ ಬ್ಯಾಂಕು ಚಿನಿವಾರರ ಕಟ್ಟೆಗೆ ಇಟಲಿಯಲ್ಲಿದ್ದ ಹೆಸರು, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ತಲುಪಿತು. ಇನ್ನೂ ಹಿಂದಕ್ಕೆ ಹೋದರೆ ಎರಡೂ ‘ಬೆಂಚ್’ ಎಂಬ ಪದವಿರುವ ಜರ್ಮಾನಿಕ್ ಕುಟುಂಬಕ್ಕೇ ಸೇರುತ್ತವೆ. ‘ಇಯರ್’ನ ಸಂಗತಿ ಇದಕ್ಕೆ ತಿರುಗುಮುರುಗು. ಜೋಳದ ತೆನೆಗೆ ‘ಇಯರ್’ ಎನ್ನುವುದನ್ನು ಕಿವಿಯ ರೂಪಕವೆಂದೇ ಇಂಗ್ಲಿಷರಲ್ಲಿ ಅನೇಕರು ತಿಳಿದಿದ್ದಾರೆ. ಹಳೆಯ ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ ಪದಗಳಾಗಿದ್ದವು. ಹೂವಿನ ‘ಫ್ಲವರ್’ ಮತ್ತು ಹಿಟ್ಟಿನ ‘ಫ್ಲೌರ್’ ಒಂದೇ ಪದ ಒಡೆದು ಎರಡಾದದ್ದು; ಹಿಟ್ಟಿನಲ್ಲಿ ನಯವಾದ ಭಾಗ ಅದರ ‘ಹೂವು’ ಎಂಬ ಕಲ್ಪನೆಯಿಂದ ಹುಟ್ಟಿದ ಕವಲಿಗೆ ಬೇರೆ ಕಾಗುಣಿತ ಆಮೇಲೆ ಸಿಕ್ಕಿತು.

ನಾನಾರ್ಥದೊಂದಿಗೆ ಬೆರೆಸಬಾರದ ಇನ್ನೊಂದು ಗುಣ ಅರ್ಥದ ಸಾಮಾನ್ಯತೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಇಂಗ್ಲಿಷಿನಲ್ಲಿ ‘ಅಂಕಲ್’ ಎಂಬುದೇ ಹೆಸರು. ಹಾಗೆಂದು ‘ಅಂಕಲ್’ಗೆ ಮೂರು ಅರ್ಥಗಳಿವೆ ಎನ್ನುವಂತಿಲ್ಲ, ಅದು ವಿಶಾಲವಾದ ಒಂದೇ ಅರ್ಥ. ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಒಬ್ಬ ಚಿಕ್ಕಪ್ಪ, ಒಬ್ಬ ಸೋದರಮಾವ ಮನೆಗೆ ಬಂದರೆ ‘ಇಬ್ಬರು ಅಂಕಲ್‌ಗಳು’ ಬಂದರೆಂದು ಇಂಗ್ಲಿಷಿನಲ್ಲಿ ಸಲೀಸಾಗಿ ಹೇಳಬಹುದು. ಒಂದು ನದಿದಡವನ್ನೂ ಒಂದು ಹಣದ ಸಂಸ್ಥೆಯನ್ನೂ ಸೇರಿಸಿ ‘ಎರಡು ಬ್ಯಾಂಕ್’ ಎಂದರೆ ನಗೆಯಾಡುತ್ತಾರೆ. ಒಟ್ಟಿಗೆ ಎಣಿಸಲು ಬಾರದ ಕಡೆ ಅರ್ಥಗಳು ಬೇರೆ ಎಂದು ತಿಳಿಯಬಹುದು.

ಅರ್ಥ ಕವಲೊಡೆಯುವ ಕ್ರಮ

ಕವಲರ್ಥಗಳು ಹುಟ್ಟುವುದು ಮುಖ್ಯವಾಗಿ ಹೋಲಿಕೆಯಿಂದ ಅಥವಾ ಸಂಬಂಧದಿಂದ. ಹೋಲಿಕೆಯಿಂದ ಬಂದದ್ದು ರೂಪಕ. ಕೊಕ್ಕರೆಯಂತೆ ಉದ್ದ ಕೊರಳು ಚಾಚುವ ಭಾರ ಎತ್ತುವ ಯಂತ್ರ ‘ಕ್ರೇನ್’ ಆಯಿತು. ಡಗ್ಲಸ್ ಎಂಗಲ್‌ಬಾರ್ಟ್ ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪಿಸಿ 1968ರಲ್ಲಿ ಸಾರ್ವಜನಿಕವಾಗಿ ತೋರಿಸಿದ ಸಾಧನಕ್ಕೆ ಆಕಾರದಿಂದಾಗಿ ‘ಮೌಸ್’ ಎಂಬ ಹೆಸರು ಅಂಟಿತು. ದೇಹದ ಅಂಗಗಳ ಹೆಸರುಗಳು ಹೀಗೆ ಎಲ್ಲೆಡೆ ಹರಡಿವೆ: ಬೆಟ್ಟಕ್ಕೆ ‘ಫುಟ್’, ಸೀಸೆಗೆ ‘ನೆಕ್’, ನದಿಗೆ ‘ಮೌತ್’, ಗಡಿಯಾರಕ್ಕೆ ‘ಹ್ಯಾಂಡ್’, ಇಲಾಖೆಗೆ ‘ಹೆಡ್’. ರೂಪಕದ ಹಿಂದಿನ ನೋಟ ಎಷ್ಟೋ ಸಲ ಭಾಷೆಯ ಗಡಿ ದಾಟುತ್ತದೆ. ‘ಪ್ಯೂಪಿಲ್’ ಎಂದರೆ ವಿದ್ಯಾರ್ಥಿ, ಕಣ್ಣಿನ ಪಾಪೆ ಎಂಬ ಎರಡು ಅರ್ಥಗಳಿವೆ. ಎರಡರ ಬೇರೂ ಎಳೆಯ ಮಗುವನ್ನು ಹೇಳುವ ಲ್ಯಾಟಿನ್ ಪದಗಳಲ್ಲಿದೆ. ಎದುರಿನವರ ಕಣ್ಣಲ್ಲಿ ಕಾಣುವ ನಮ್ಮದೇ ಪುಟ್ಟ ಬಿಂಬ ರೋಮನ್ನರಿಗೆ ಗೊಂಬೆಯಂತೆ ತೋರಿತು. ಕನ್ನಡದ ‘ಪಾಪೆ’ಗೂ ಗೊಂಬೆಯೆಂಬ ಅರ್ಥವುಂಟು.

ಸಂಬಂಧದಿಂದ ಹುಟ್ಟುವ ಅರ್ಥವನ್ನು ಭಾರತೀಯ ಅಲಂಕಾರಶಾಸ್ತ್ರ ಲಕ್ಷಣಾವೃತ್ತಿಯಲ್ಲಿ ವಿವರಿಸುತ್ತದೆ. ಗಂಗೆಯಲ್ಲಿ ಹಟ್ಟಿ ಇದೆ ಎಂದರೆ ಗಂಗೆಯ ದಡದಲ್ಲಿದೆ ಎಂದು ತಿಳಿಯುವುದು ಅದರ ಪ್ರಸಿದ್ಧ ನಿದರ್ಶನ. ಇಂಗ್ಲಿಷಿನಲ್ಲಿ ಕಿರೀಟವಾದ ‘ಕ್ರೌನ್’ ಅರಸೊತ್ತಿಗೆಗೂ ಸರ್ಕಾರಕ್ಕೂ ಸಲ್ಲುತ್ತದೆ. ಪೀಠವಾದ ‘ಚೇರ್’ ಪ್ರಾಧ್ಯಾಪಕನ ಹುದ್ದೆಯನ್ನೂ ಸಭೆಯ ಅಧ್ಯಕ್ಷತೆಯನ್ನೂ ಹೇಳುತ್ತದೆ. ‘ಬೋರ್ಡ್’ ಎಂದರೆ ಮೊದಲು ಹಲಗೆ, ಆಮೇಲೆ ಊಟದ ಮೇಜು, ಅದರ ಮೇಲೆ ಬಡಿಸಿದ ಊಟ, ಕೊನೆಗೆ ಮೇಜಿನ ಸುತ್ತ ಕುಳಿತ ಮಂಡಳಿ. ವಿದ್ಯಾರ್ಥಿನಿಲಯದ ‘ಬೋರ್ಡಿಂಗ್’, ಕಂಪನಿಯ ನಿರ್ದೇಶಕ ಮಂಡಳಿ, ತರಗತಿಯ ಕಪ್ಪುಹಲಗೆ ಮೂರೂ ಒಂದೇ ಹಲಗೆಯಿಂದ ಬಂದವು. ‘ಬಾರ್’ ಕೂಡ ಹೀಗೆಯೇ ಬೆಳೆಯಿತು. ಮೂಲದಲ್ಲಿ ಅದು ಅಡ್ಡಪಟ್ಟಿ. ನ್ಯಾಯಾಲಯದಲ್ಲಿ ನ್ಯಾಯಾಧೀಶರ ಮುಂದಿನ ಕಟಾಂಜನ ‘ಬಾರ್’ ಆಗಿ, ಅಲ್ಲಿ ನಿಂತು ವಾದಿಸುವ ವಕೀಲವೃಂದಕ್ಕೂ ಅದೇ ಹೆಸರು ಬಂತು. ಮದ್ಯ ಮಾರುವ ಕಟ್ಟೆಯ ಅಡ್ಡಹಲಗೆಯಿಂದ ಪಾನಗೃಹಕ್ಕೆ ಆ ಹೆಸರು ಬಂತು. ವಾಯುಭಾರದ ಮಾನವಾದ ‘ಬಾರ್’ ಮಾತ್ರ ಈ ಮನೆಯದಲ್ಲ. ತೂಕವೆಂಬರ್ಥದ ಗ್ರೀಕ್ ಪದದಿಂದ ಬಂದ ಸಮರೂಪಿ ಅದು.

ಕೆಲವು ಕವಲುಗಳು ಒಂದು ಪದಕ್ಕಷ್ಟೇ ಸೀಮಿತವಾಗದೆ ಇಡೀ ಗುಂಪಿಗೆ ಅನ್ವಯಿಸುತ್ತವೆ. ಇಂಥ ನಿಯತ ಬಹ್ವರ್ಥತೆಯನ್ನು ರಷ್ಯದ ವಿದ್ವಾಂಸ ಯೂರಿ ಅಪ್ರೆಸ್ಯಾನ್ 1974ರಲ್ಲಿ ವಿವರಿಸಿದ. ಪಾತ್ರೆಯ ಹೆಸರು ಅದರಲ್ಲಿರುವುದಕ್ಕೂ ಸಲ್ಲುತ್ತದೆ: ‘ಕಪ್’, ‘ಬಾಟಲ್’, ‘ಪ್ಲೇಟ್’. ಕಟ್ಟಡದ ಹೆಸರು ಸಂಸ್ಥೆಗೂ ಅದರ ಜನಕ್ಕೂ ಸಲ್ಲುತ್ತದೆ: ‘ಸ್ಕೂಲ್’, ‘ಹಾಸ್ಪಿಟಲ್’. ‘ಬುಕ್’ ಎಂದರೆ ಕೈಯಲ್ಲಿ ಹಿಡಿಯುವ ವಸ್ತುವೂ ಹೌದು, ಓದಿ ಮೆಚ್ಚುವ ಕೃತಿಯೂ ಹೌದು. ಪ್ರಾಣಿಯ ಹೆಸರು ಅದರ ಮಾಂಸಕ್ಕೂ ಸಲ್ಲುವುದು ಇನ್ನೊಂದು ನಿಯಮ: ‘ಚಿಕನ್’, ‘ಫಿಶ್’, ‘ಲ್ಯಾಂಬ್’. ಹಸು, ಹಂದಿ, ಕುರಿಗಳ ಮಾಂಸಕ್ಕೆ ಫ್ರೆಂಚಿನಿಂದ ಬಂದ ‘ಬೀಫ್’, ‘ಪೋರ್ಕ್’, ‘ಮಟನ್’ ಎಂಬ ಬೇರೆ ಹೆಸರುಗಳಿದ್ದುದರಿಂದ ಅಲ್ಲಿ ಈ ನಿಯಮಕ್ಕೆ ತಡೆಯಾಯಿತು.

ವಿಜ್ಞಾನ, ಕಾನೂನುಗಳಂಥ ಶಿಸ್ತುಗಳು ದಿನಬಳಕೆಯ ಪದಕ್ಕೆ ಬಿಗಿಯಾದ ಅರ್ಥ ಕೊಡುತ್ತವೆ. ‘ಫೋರ್ಸ್’, ‘ವರ್ಕ್’, ‘ಪವರ್’ ಎಂಬ ಪದಗಳಿಗೆ ಭೌತವಿಜ್ಞಾನದಲ್ಲಿರುವ ಅರ್ಥ ಬೀದಿಯಲ್ಲಿಲ್ಲ. ‘ಮೋಲ್’ ಎಂದರೆ ಬಿಲ ತೋಡುವ ಪ್ರಾಣಿ, ಚರ್ಮದ ಮಚ್ಚೆ, ಶತ್ರುಪಾಳಯದಲ್ಲಿ ನೆಲೆಯೂರಿದ ಗೂಢಚಾರ. ರಸಾಯನವಿಜ್ಞಾನದಲ್ಲಿ ಅದು ವಸ್ತುಪ್ರಮಾಣದ ಮಾನ. 2019ರ ಪರಿಷ್ಕರಣೆಯ ಪ್ರಕಾರ ಒಂದು ಮೋಲ್‌ನಲ್ಲಿ ನಿಖರವಾಗಿ 6.02214076 × 10²³ ಕಣಗಳಿರುತ್ತವೆ. ಯಂತ್ರದ ದೋಷವೆಂಬ ಅರ್ಥದ ‘ಬಗ್’ 1947ರಲ್ಲಿ ಹಾರ್ವರ್ಡ್‌ನ ಗಣಕಯಂತ್ರದೊಳಗೆ ಸಿಕ್ಕಿಬಿದ್ದ ಪತಂಗದಿಂದ ಹುಟ್ಟಿತೆಂಬ ಕಥೆ ಜನಪ್ರಿಯ. ಆದರೆ ಥಾಮಸ್ ಎಡಿಸನ್ 1878ರ ಒಂದು ಪತ್ರದಲ್ಲೇ ಆ ಅರ್ಥದಲ್ಲಿ ಅದನ್ನು ಬಳಸಿದ್ದಾನೆ.

ಅರ್ಥಗಳು ಎದುರುಬದುರಾಗಿ ನಿಲ್ಲುವುದೂ ಉಂಟು. ‘ಸ್ಯಾಂಕ್ಷನ್’ ಎಂದರೆ ಸಾಲಕ್ಕೆ ಸಿಗುವ ಮಂಜೂರಾತಿ, ಒಂದು ದೇಶದ ಮೇಲೆ ಹೇರುವ ನಿರ್ಬಂಧವೂ ಅದೇ. ‘ಓವರ್‌ಸೈಟ್’ ಎಂದರೆ ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು.

ಎರಡು ಪದಗಳ ಪಯಣ

ಕವಲೊಡೆಯುವ ಕ್ರಮವನ್ನು ‘ಚಾರ್ಜ್’ ಎಂಬ ಒಂದೇ ಪದದಲ್ಲಿ ಪೂರ್ತಿಯಾಗಿ ನೋಡಬಹುದು. ಇದರ ಮೂಲ ಗಾಡಿಗೆ ಹೇರು ಹೇರುವುದೆಂಬ ಅರ್ಥದ ಲ್ಯಾಟಿನ್ ಕ್ರಿಯಾಪದ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಮೊದಲ ಅರ್ಥ ಹೊರೆ. ಮನುಷ್ಯನ ಮೇಲೆ ಹೇರಿದ ಹೊರೆ ಹೊಣೆಯಾಯಿತು, ಜೇಬಿನ ಮೇಲೆ ಹೇರಿದ್ದು ಶುಲ್ಕವಾಯಿತು, ಹೆಸರಿನ ಮೇಲೆ ಹೇರಿದ್ದು ಆರೋಪವಾಯಿತು. ಬಂದೂಕಿಗೆ ತುಂಬಿದ ಮದ್ದು ‘ಚಾರ್ಜ್’ ಆಯಿತು; ಅದೇ ಜಾಡಿನಲ್ಲಿ ವಸ್ತುವಿನಲ್ಲಿ ತುಂಬಿಕೊಂಡ ವಿದ್ಯುದಾವೇಶಕ್ಕೆ 18ನೆಯ ಶತಮಾನದಲ್ಲಿ ಆ ಹೆಸರು ಬಂತು. ಶತ್ರುವಿನ ಮೇಲೆ ಏರಿಹೋಗುವುದೂ ‘ಚಾರ್ಜ್’. ಕನ್ನಡಿಗರ ಮಾತಿನಲ್ಲಿ ಇವೆಲ್ಲ ಇಂದಿಗೂ ಜೀವಂತವಾಗಿವೆ: ಹೊಸ ಅಧಿಕಾರಿ ಚಾರ್ಜ್ ತಗೊಳ್ಳುತ್ತಾರೆ, ಬಸ್‌ಚಾರ್ಜ್ ಏರುತ್ತದೆ, ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಗುಂಪಿನ ಮೇಲೆ ಲಾಠಿಚಾರ್ಜ್ ಆಗುತ್ತದೆ, ಮೊಬೈಲಿನಲ್ಲಿ ಚಾರ್ಜ್ ಇರುವುದಿಲ್ಲ. ಹೊರೆ ಎಂಬ ಬೇರು ಗೊತ್ತಾದ ಕೂಡಲೇ ಐದೂ ಬಳಕೆಗಳು ಒಂದೇ ಕುಟುಂಬದವೆಂದು ಕಾಣುತ್ತವೆ.

‘ಟ್ಯಾಂಕ್’ ಪಯಣ ಹೊರಟದ್ದು ಬಹುಮಟ್ಟಿಗೆ ಭಾರತದಿಂದಲೇ. ಗುಜರಾತಿ, ಮರಾಠಿಗಳಲ್ಲಿ ನೀರಿನ ಹೊಂಡಕ್ಕಿದ್ದ ಪದಕ್ಕೆ ಅದೇ ಅರ್ಥದ ಪೋರ್ಚುಗೀಸ್ ಪದವೂ ಕೂಡಿಕೊಂಡು ಇಂಗ್ಲಿಷಿನಲ್ಲಿ ನೆಲೆನಿಂತಿತು. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ‘ಟ್ಯಾಂಕ್’ ಎಂದರೆ ಕೆರೆ. ಬೆಂಗಳೂರಿನಲ್ಲಿ 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ ಇಂದಿಗೂ ಸ್ಯಾಂಕಿ ಟ್ಯಾಂಕ್. ಬ್ರಿಟನ್ನಿನಲ್ಲಿ ಅದು ನೀರು, ಎಣ್ಣೆ ತುಂಬುವ ತೊಟ್ಟಿಯಾಯಿತು. ಮೊದಲ ಮಹಾಯುದ್ಧದಲ್ಲಿ ಉಕ್ಕಿನ ಕವಚದ ಹೊಸ ವಾಹನವನ್ನು ಗುಟ್ಟಾಗಿ ತಯಾರಿಸುತ್ತಿದ್ದಾಗ, ನೀರಿನ ತೊಟ್ಟಿ ತಯಾರಾಗುತ್ತಿದೆ ಎಂದು ನಂಬಿಸಲು ಇದೇ ಹೆಸರಿಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗಕ್ಕೆ ಇಳಿದ ಮೇಲೂ ಹೆಸರು ಬದಲಾಗಲಿಲ್ಲ. ಹಾಗಾಗಿ ‘ಟ್ಯಾಂಕ್’ನ ಯುದ್ಧದ ಅರ್ಥ ಹೋಲಿಕೆಯಿಂದ ಬಂದದ್ದಲ್ಲ, ಸೇನೆ ಬೇಕೆಂದೇ ಹಬ್ಬಿಸಿದ ಸುಳ್ಳಿನಿಂದ ಬಂದದ್ದು.

ವಚನಭೇದದಿಂದ ಅರ್ಥಭೇದ

ಇಂಗ್ಲಿಷಿನಲ್ಲಿ ಏಕವಚನದಿಂದ ಬಹುವಚನಕ್ಕೆ ಹೋಗುವಾಗ ಅರ್ಥವೇ ಬದಲಾಗುವ ನಾಮಪದಗಳಿವೆ. ಕನ್ನಡಿಗರು ಎಡವುವ ಮುಖ್ಯ ಜಾಗ ಇದು. ‘ಕಸ್ಟಮ್’ ಎಂದರೆ ರೂಢಿ, ‘ಕಸ್ಟಮ್ಸ್’ ಎಂದರೆ ಗಡಿಸುಂಕ; ಒಡೆಯನಿಗೆ ರೂಢಿಯಂತೆ ಸಲ್ಲಿಸುತ್ತಿದ್ದ ಕಾಣಿಕೆ ಇವೆರಡರ ನಡುವಿನ ಕೊಂಡಿ. ‘ಡ್ಯಾಮೇಜ್’ ಹಾನಿ, ‘ಡ್ಯಾಮೇಜಸ್’ ನ್ಯಾಯಾಲಯ ಕೊಡಿಸುವ ಪರಿಹಾರಧನ. ‘ಮ್ಯಾನರ್’ ರೀತಿ, ‘ಮ್ಯಾನರ್ಸ್’ ನಡೆನುಡಿಯ ಸಭ್ಯತೆ. ‘ಮಿನಿಟ್’ ನಿಮಿಷ, ‘ಮಿನಿಟ್ಸ್’ ಸಭೆಯ ನಡವಳಿಯೂ ಆಗಬಹುದು. ‘ಕ್ವಾರ್ಟರ್’ ಕಾಲುಭಾಗ, ‘ಕ್ವಾರ್ಟರ್ಸ್’ ನೌಕರರ ವಸತಿ. ‘ಸ್ಪೆಕ್ಟಕಲ್’ ನೋಟ, ‘ಸ್ಪೆಕ್ಟಕಲ್ಸ್’ ಕನ್ನಡಕ. ತೋಳೆಂಬ ‘ಆರ್ಮ್’ ಮತ್ತು ಆಯುಧಗಳೆಂಬ ‘ಆರ್ಮ್ಸ್’ ಮಾತ್ರ ಬೇರೆ ಮೂಲದವು.

ಎಣಿಕೆಗೆ ಸಿಗುವುದು, ಸಿಗದಿರುವುದು ಎಂಬ ಭೇದವೂ ಇಲ್ಲಿ ಕೆಲಸ ಮಾಡುತ್ತದೆ. ‘ಪೇಪರ್’ ಎಣಿಸಲಾಗದ ಪದವಾದಾಗ ಕಾಗದವೆಂಬ ಸಾಮಗ್ರಿ. ಎಣಿಸುವಂತಾದಾಗ ದಿನಪತ್ರಿಕೆ, ಪ್ರಶ್ನೆಪತ್ರಿಕೆ ಅಥವಾ ವಿದ್ವತ್ಸಭೆಯ ಪ್ರಬಂಧ. ‘ಎಕ್ಸ್‌ಪೀರಿಯನ್ಸ್’ ಎಣಿಸಲಾಗದ ಕಡೆ ಕೆಲಸದ ಅನುಭವ, ಎಣಿಸುವ ಕಡೆ ಬದುಕಿನ ಒಂದೊಂದು ಘಟನೆ. ‘ವರ್ಕ್’ ಕೆಲಸ, ‘ವರ್ಕ್ಸ್’ ಒಬ್ಬ ಲೇಖಕನ ಕೃತಿಗಳು ಅಥವಾ ಒಂದು ಕಾರ್ಖಾನೆ.

ದೇಶಭೇದದಿಂದ ಅರ್ಥಭೇದ

ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಒಂದೇ ನಾಮಪದ ಬೇರೆ ವಸ್ತುವನ್ನು ತೋರಿಸುವುದುಂಟು. ‘ಫಸ್ಟ್ ಫ್ಲೋರ್’ ಬ್ರಿಟನ್ನಿನಲ್ಲೂ ಭಾರತದಲ್ಲೂ ಮೊದಲ ಮಹಡಿ, ಅಮೆರಿಕದಲ್ಲಿ ನೆಲಮಟ್ಟ. ‘ಪೇವ್‌ಮೆಂಟ್’ ಬ್ರಿಟನ್ನಿನಲ್ಲಿ ಕಾಲುದಾರಿ, ಅಮೆರಿಕದಲ್ಲಿ ರಸ್ತೆಯ ಗಟ್ಟಿಮೈ. ಬ್ರಿಟನ್ನಿನಲ್ಲಿ ಕರಿದ ಆಲೂಗಡ್ಡೆಯ ಬಿಸಿ ತುಂಡುಗಳು ‘ಚಿಪ್ಸ್’. ಅಮೆರಿಕದಲ್ಲೂ ಭಾರತದಲ್ಲೂ ಗರಿಗರಿ ಬಿಲ್ಲೆಗಳು. ‘ಪಬ್ಲಿಕ್ ಸ್ಕೂಲ್’ ಅಮೆರಿಕದಲ್ಲಿ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ದುಬಾರಿ ಶುಲ್ಕದ ಖಾಸಗಿ ಶಾಲೆ. ‘ಕಾರ್ನ್’ ಎಂದರೆ ಆಯಾ ನಾಡಿನ ಮುಖ್ಯ ಧಾನ್ಯ: ಇಂಗ್ಲೆಂಡಿನಲ್ಲಿ ಗೋಧಿ, ಸ್ಕಾಟ್ಲೆಂಡಿನಲ್ಲಿ ಓಟ್ಸ್, ಅಮೆರಿಕದಲ್ಲಿ ಮುಸುಕಿನ ಜೋಳ. 1846ರಲ್ಲಿ ಬ್ರಿಟನ್ ರದ್ದುಮಾಡಿದ ‘ಕಾರ್ನ್ ಲಾ’ಗಳನ್ನು ಮುಸುಕಿನ ಜೋಳದ ಕಾನೂನು ಎಂದು ತಿಳಿದರೆ ಚರಿತ್ರೆಯೇ ತಪ್ಪುತ್ತದೆ; ಅವು ಗೋಧಿಯೇ ಮೊದಲಾದ ಧಾನ್ಯಗಳ ಆಮದಿಗೆ ಸಂಬಂಧಿಸಿದವು. ‘ಬಿಲಿಯನ್’ ಹಳೆಯ ಬ್ರಿಟಿಷ್ ಬಳಕೆಯಲ್ಲಿ ಲಕ್ಷ ಕೋಟಿಯಾಗಿತ್ತು. 1974ರಲ್ಲಿ ಅಲ್ಲಿನ ಸರ್ಕಾರ ಅಮೆರಿಕದಂತೆ ನೂರು ಕೋಟಿಯ ಲೆಕ್ಕವನ್ನು ಒಪ್ಪಿಕೊಂಡಿತು.

ಅರ್ಥನಿರ್ಣಯ

ಹಲವು ಅರ್ಥಗಳಲ್ಲಿ ಸಂದರ್ಭಕ್ಕೆ ತಕ್ಕದ್ದನ್ನು ಆರಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಅತಿ ವ್ಯವಸ್ಥಿತವಾದ ಹಳೆಯ ಉತ್ತರಗಳಲ್ಲೊಂದು ಭರ್ತೃಹರಿಯ ‘ವಾಕ್ಯಪದೀಯ’ದಲ್ಲಿದೆ. ಸಂಯೋಗ, ವಿಪ್ರಯೋಗ, ಸಾಹಚರ್ಯ, ವಿರೋಧ, ಅರ್ಥ, ಪ್ರಕರಣ, ಲಿಂಗ, ಅನ್ಯಶಬ್ದಸನ್ನಿಧಿ, ಸಾಮರ್ಥ್ಯ, ಔಚಿತ್ಯ, ದೇಶ, ಕಾಲ, ವ್ಯಕ್ತಿ, ಸ್ವರ ಎಂದು 14 ನಿರ್ಣಾಯಕಗಳನ್ನು ಅಲ್ಲಿ ಹೆಸರಿಸಲಾಗಿದೆ. ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಇವನ್ನು ಎತ್ತಿಕೊಂಡಿದ್ದಾನೆ. ಸಂಸ್ಕೃತಕ್ಕಾಗಿ ಮಾಡಿದ ಈ ಪಟ್ಟಿಯ ಹೆಚ್ಚಿನ ಅಂಶಗಳು ಇಂಗ್ಲಿಷಿಗೂ ಸಲ್ಲುತ್ತವೆ.

ಬಳಿಯ ಪದ ಅರ್ಥವನ್ನು ಕಟ್ಟಿಹಾಕುವುದು ಅನ್ಯಶಬ್ದಸನ್ನಿಧಿ: ‘ಬ್ಲಡ್’ ಪಕ್ಕದಲ್ಲಿ ಬಂದ ‘ಬ್ಯಾಂಕ್’ ನದಿಯ ದಡವಾಗಲಾರದು. ಜೊತೆಗಾರ ಪದದಿಂದ ತಿಳಿಯುವುದು ಸಾಹಚರ್ಯ: ಚೆಂಡಿನ ಜೊತೆ ಬಂದ ‘ಬ್ಯಾಟ್’ ದಾಂಡು, ಗೂಬೆಯ ಜೊತೆ ಬಂದದ್ದು ಬಾವಲಿ. ಎದುರಾಳಿಯಿಂದ ತಿಳಿಯುವುದು ವಿರೋಧ: ಶರತ್ಕಾಲಕ್ಕೆ ಎದುರಾಗಿ ಹೇಳಿದ ‘ಸ್ಪ್ರಿಂಗ್’ ವಸಂತವೇ ಹೊರತು ಚಿಲುಮೆಯೋ ಲೋಹದ ಸುರುಳಿಯೋ ಅಲ್ಲ. ಪ್ರಕರಣವೆಂದರೆ ಸನ್ನಿವೇಶ: ‘ಸೆಂಟೆನ್ಸ್’ ವ್ಯಾಕರಣದ ತರಗತಿಯಲ್ಲಿ ವಾಕ್ಯ, ಕಟಕಟೆಯ ಮುಂದೆ ಶಿಕ್ಷೆ. ದೇಶದ ಮಾತು ಮೇಲೆಯೇ ಬಂದಿದೆ. ಕಾಲಕ್ಕೆ ‘ಕಂಪ್ಯೂಟರ್’ ಒಳ್ಳೆಯ ನಿದರ್ಶನ. 17ನೆಯ ಶತಮಾನದಿಂದ 20ನೆಯ ಶತಮಾನದ ನಡುವಿನವರೆಗೂ ಲೆಕ್ಕ ಹಾಕುವ ಮನುಷ್ಯರಿಗೆ ಆ ಹೆಸರಿತ್ತು. ಭರ್ತೃಹರಿಯ ‘ವ್ಯಕ್ತಿ’ ಎಂದರೆ ವ್ಯಾಕರಣದ ಲಿಂಗ. ಇಂಗ್ಲಿಷಿನಲ್ಲಿ ಅದು ಇಲ್ಲದ್ದರಿಂದ ಆ ಕೆಲಸವನ್ನು ಬಹುಪಾಲು ವಚನ ಮಾಡುತ್ತದೆ. ಸ್ವರಕ್ಕೆ ಬದಲಾಗಿ ಒತ್ತು ಇದೆ. ‘ಇಂಗ್ಲಿಷ್ ಟೀಚರ್’ ಎನ್ನುವಾಗ ಮೊದಲ ಪದವನ್ನು ಒತ್ತಿದರೆ ಇಂಗ್ಲಿಷ್ ಕಲಿಸುವವರು, ಎರಡನೆಯದನ್ನು ಒತ್ತಿದರೆ ಇಂಗ್ಲೆಂಡಿನವರಾದ ಶಿಕ್ಷಕರು.

ಆಧುನಿಕ ಕಾಲದಲ್ಲಿ ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಪದದ ಅರ್ಥ ಅದರ ಒಡನಾಟದಿಂದ ತಿಳಿಯುತ್ತದೆಂದು 1950ರ ದಶಕದಲ್ಲಿ ಪ್ರತಿಪಾದಿಸಿದ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದವನು ಈತ.

ನಿಘಂಟುಗಳಲ್ಲಿ

ಅರ್ಥಗಳನ್ನು ಯಾವ ಕ್ರಮದಲ್ಲಿ ಕೊಡಬೇಕೆಂಬುದು ಕೋಶಕಾರರ ಮುಂದಿರುವ ದೊಡ್ಡ ಪ್ರಶ್ನೆ. ಸ್ಯಾಮ್ಯುಯಲ್ ಜಾನ್ಸನ್ 1755ರ ನಿಘಂಟಿನಲ್ಲಿ ಅರ್ಥಗಳಿಗೆ ಸಂಖ್ಯೆ ಕೊಟ್ಟು, ಪ್ರಯೋಗಗಳನ್ನು ಉದಾಹರಿಸಿದ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಮೊದಲ ಕಂತು 1884ರಲ್ಲಿ ಬಂದು ಕೊನೆಯ ಕಂತು 1928ರಲ್ಲಿ ಮುಗಿಯಿತು. ಅದರ ಪ್ರಧಾನ ಶಿಲ್ಪಿ ಜೇಮ್ಸ್ ಮರ್ರೆ. 1989ರ ಎರಡನೆಯ ಆವೃತ್ತಿ 20 ಸಂಪುಟಗಳದ್ದು. ಹಳೆಯ ಅರ್ಥ ಮೊದಲು, ಹೊಸದು ಆಮೇಲೆ ಎಂಬುದು ಅದರ ಚಾರಿತ್ರಿಕ ಪದ್ಧತಿ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ ಸಿದ್ಧವಾಗಿ 1987ರಲ್ಲಿ ಪ್ರಕಟವಾದ ಕೋಬಿಲ್ಡ್ ನಿಘಂಟು ಗಣಕದಲ್ಲಿ ಸಂಗ್ರಹಿಸಿದ ಪಠ್ಯರಾಶಿಯನ್ನು ಆಧರಿಸಿ, ಹೆಚ್ಚು ಬಳಕೆಯ ಅರ್ಥಕ್ಕೆ ಆದ್ಯತೆ ಕೊಟ್ಟಿತು. ಕಲಿಯುವವರಿಗೆ ಈ ಎರಡನೆಯ ಕ್ರಮವೇ ಹೆಚ್ಚು ಉಪಯುಕ್ತ. ಪದಗಳೊಳಗೆ ಬೇಲಿ ಹಾಕಿದಂಥ ಅರ್ಥಗಳು ನಿಜಕ್ಕೂ ಇವೆಯೇ ಎಂದು ಕೋಶವಿಜ್ಞಾನಿ ಆಡಮ್ ಕಿಲ್ಗ್ಯಾರಿಫ್ 1997ರಲ್ಲಿ ಪ್ರಶ್ನಿಸಿದ. ಅವನ ಪ್ರಕಾರ ಇರುವುದು ಪ್ರಯೋಗಗಳು ಮಾತ್ರ. ಅವನ್ನು ಎಷ್ಟು ಗುಂಪು ಮಾಡಬೇಕೆಂಬುದು ಕೆಲಸದ ಉದ್ದೇಶಕ್ಕೆ ಬಿಟ್ಟದ್ದು.

ಮನಸ್ಸು ಮತ್ತು ಯಂತ್ರ

ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥಗಳಿರುತ್ತವೆಂದು ಅಮೆರಿಕದ ಜಾರ್ಜ್ ಜಿಫ್ 1945ರಲ್ಲಿ ಲೆಕ್ಕಹಾಕಿ ತೋರಿಸಿದ. ಕೇಳುಗನ ಮನಸ್ಸಿನಲ್ಲಿ ಏನಾಗುತ್ತದೆಂಬುದನ್ನು ಡೇವಿಡ್ ಸ್ವಿನ್ನಿ 1979ರಲ್ಲಿ ಪರೀಕ್ಷಿಸಿದ. ‘ಬಗ್’ನಂಥ ಪದ ಕಿವಿಗೆ ಬಿದ್ದೊಡನೆ, ಸಂದರ್ಭ ಒಂದೇ ಅರ್ಥವನ್ನು ಬೇಡುತ್ತಿದ್ದರೂ, ಹುಳ ಮತ್ತು ಕದ್ದಾಲಿಸುವ ಸಾಧನವೆಂಬ ಎರಡೂ ಅರ್ಥಗಳು ಕ್ಷಣಕಾಲ ಎಚ್ಚರಗೊಳ್ಳುತ್ತವೆ, ಕೂಡಲೇ ಸಲ್ಲದ್ದು ಹಿಂದೆ ಸರಿಯುತ್ತದೆ. 2002ರಲ್ಲಿ ಜೆನಿಫರ್ ರಾಡ್ ಮತ್ತು ಸಹೋದ್ಯೋಗಿಗಳು ಇನ್ನೊಂದು ಸೂಕ್ಷ್ಮವನ್ನು ಕಂಡರು: ಪರಸ್ಪರ ಸಂಬಂಧವುಳ್ಳ ಕವಲರ್ಥಗಳು ಪದವನ್ನು ಗುರುತಿಸಲು ನೆರವಾಗುತ್ತವೆ, ಸಂಬಂಧವಿಲ್ಲದ ಅರ್ಥಗಳು ತೊಡಕಾಗುತ್ತವೆ.

ಯಂತ್ರಾನುವಾದಕ್ಕೆ ನಾನಾರ್ಥ ಆರಂಭದಿಂದಲೂ ಅಡ್ಡಿ. 1949ರಲ್ಲಿ ವಾರನ್ ವೀವರ್ ಅಕ್ಕಪಕ್ಕದ ಕೆಲವು ಪದಗಳನ್ನು ನೋಡಿದರೆ ಅರ್ಥ ನಿರ್ಣಯಿಸಬಹುದೆಂದು ಸೂಚಿಸಿದ. 1960ರಲ್ಲಿ ಯೆಹೋಶುವಾ ಬಾರ್-ಹಿಲ್ಲೆಲ್ ಪೆಟ್ಟಿಗೆಯೊಂದು ‘ಪೆನ್’ ಒಳಗಿದೆ ಎಂಬ ವಾಕ್ಯವನ್ನು ಮುಂದಿಟ್ಟು ವೀವರ್‌ನ ಸಲಹೆಯನ್ನು ಅಲ್ಲಗಳೆದ. ಪೆಟ್ಟಿಗೆ ಲೇಖನಿಯೊಳಗೆ ಹಿಡಿಸದು, ಮಕ್ಕಳು ಆಡುವ ಕಟಾಂಜನದೊಳಗೆ ಹಿಡಿಸುತ್ತದೆ ಎಂಬುದು ಲೋಕಜ್ಞಾನ. ಅದು ಯಂತ್ರಕ್ಕೆ ಎಲ್ಲಿಂದ ಬರಬೇಕು ಎಂಬುದು ಅವನ ಪ್ರಶ್ನೆ. ಭರ್ತೃಹರಿ ‘ಸಾಮರ್ಥ್ಯ’ವೆಂದದ್ದೂ ಇಂಥದನ್ನೇ. 1985ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಜಾರ್ಜ್ ಮಿಲ್ಲರ್ ಆರಂಭಿಸಿದ ವರ್ಡ್‌ನೆಟ್ ಇಂಗ್ಲಿಷ್ ಪದಗಳನ್ನು 1,17,000ಕ್ಕೂ ಹೆಚ್ಚು ಅರ್ಥಗುಚ್ಛಗಳಾಗಿ ಹೆಣೆಯಿತು. ಅದರ ಮಾದರಿಯಲ್ಲಿ ಬೆಳೆದ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ. ಪದಗಳ ಅರ್ಥವನ್ನು ಸಂಖ್ಯೆಗಳಲ್ಲಿ ಹಿಡಿಯುವ 2013ರ ವರ್ಡ್‌ಟುವೆಕ್ ತಂತ್ರ ಒಂದು ಪದರೂಪಕ್ಕೆ ಒಂದೇ ಸಂಖ್ಯಾಸಾಲನ್ನು ಕೊಡುತ್ತಿದ್ದುದರಿಂದ ದಡವೂ ಹಣದ ಸಂಸ್ಥೆಯೂ ಅದರಲ್ಲಿ ಕಲಸಿಹೋಗುತ್ತಿದ್ದವು. 2018ರಲ್ಲಿ ಬಂದ ಎಲ್ಮೋ, ಬರ್ಟ್ ಎಂಬ ಗಣಕ ಭಾಷಾಮಾದರಿಗಳು ಪ್ರತಿ ವಾಕ್ಯದಲ್ಲೂ ಪದಕ್ಕೆ ಹೊಸ ಸಂಖ್ಯಾಸಾಲು ಕಟ್ಟುವ ಮೂಲಕ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದವು.

ಕನ್ನಡದಲ್ಲಿ ಇಂಗ್ಲಿಷ್ ನಾಮಪದಗಳು

ಕನ್ನಡಕ್ಕೆ ಬಂದ ಇಂಗ್ಲಿಷ್ ನಾಮಪದಗಳು ಎಲ್ಲ ಅರ್ಥಗಳನ್ನೂ ಹೊತ್ತು ತರಲಿಲ್ಲ. ‘ಹೋಟೆಲ್’ ಮುಖ್ಯವಾಗಿ ಊಟ-ತಿಂಡಿಯ ಜಾಗವಾಯಿತು, ‘ಕರೆಂಟ್’ ವಿದ್ಯುತ್ತಿಗೆ ಸೀಮಿತವಾಯಿತು, ‘ಕವರ್’ ಅಂಚೆಯ ಲಕೋಟೆಯಿಂದ ಪ್ಲಾಸ್ಟಿಕ್ ಚೀಲಕ್ಕೆ ಜಾರಿತು. ‘ಗ್ಲಾಸ್’ ಇಲ್ಲಿ ಮುಖ್ಯವಾಗಿ ಲೋಟ. ಸಾಮಗ್ರಿಗೆ ಗಾಜು ಎಂಬ ಪದವಿದ್ದುದರಿಂದ ‘ಸ್ಟೀಲ್ ಗ್ಲಾಸ್’ ಎನ್ನುವುದರಲ್ಲಿ ಕನ್ನಡಿಗರಿಗೆ ವಿರೋಧವೇ ಕಾಣದು. ಹೊಸ ಅರ್ಥ ಕೂಡಿಕೊಂಡದ್ದೂ ಇದೆ: ವ್ಯಾಪಾರಸ್ಥರ ಮಾತಿನಲ್ಲಿ ‘ಪಾರ್ಟಿ’ ಎಂದರೆ ಗಿರಾಕಿ, ಅದರಲ್ಲೂ ದುಡ್ಡುಳ್ಳ ಗಿರಾಕಿ. ಲಿಪಿಯಿಂದಲೂ ಹೊಸ ಸಮರೂಪಿಗಳು ಹುಟ್ಟಿವೆ. ಇಂಗ್ಲಿಷಿನಲ್ಲಿ ಬೇರೆ ಕಾಗುಣಿತವುಳ್ಳ ನಿವೇಶನ ಮತ್ತು ದೃಷ್ಟಿ ಎಂಬ ಎರಡು ಪದಗಳೂ ಕನ್ನಡದಲ್ಲಿ ‘ಸೈಟ್’. ಬಸ್ಸಿನ ದರವೂ ಪುಸ್ತಕದ ಮೇಳವೂ ‘ಫೇರ್’. ಇದಕ್ಕೆ ಪ್ರತಿಯಾಗಿ, ಇಂಗ್ಲಿಷಿನಲ್ಲಿ ಒಂದೇ ಕಾಗುಣಿತವುಳ್ಳ ಸೀಸವೆಂಬ ‘ಲೆಡ್’ ಮತ್ತು ಮುನ್ನಡೆಯೆಂಬ ‘ಲೀಡ್’ ಕನ್ನಡ ಲಿಪಿಯಲ್ಲಿ ಬೇರೆಯಾಗಿಯೇ ನಿಲ್ಲುತ್ತವೆ.

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ನಿಘಂಟುಗಳ ಪರಂಪರೆ 1824ರ ವಿಲಿಯಂ ರೀವ್‌ನ ಕೋಶದಷ್ಟು ಹಿಂದಿನದು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಇಂಥ ಕೋಶಗಳಲ್ಲಿ ಒಂದು ನಾಮಪದಕ್ಕೆ ಸಾಲುಗಟ್ಟಿ ನಿಂತ ಕನ್ನಡ ಪದಗಳು ಪರಸ್ಪರ ಪರ್ಯಾಯಗಳಲ್ಲ, ಬೇರೆ ಬೇರೆ ಸಂದರ್ಭಗಳಿಗೆ ಸಲ್ಲುವಂಥವು. ಅನುವಾದಕರೂ ವಿದ್ಯಾರ್ಥಿಗಳೂ ಸಾಲಿನ ಮೊದಲ ಪದವನ್ನೇ ಎತ್ತಿಕೊಳ್ಳುವುದು ಅನೇಕ ತಪ್ಪುಗಳ ಮೂಲ. ಪದವನ್ನು ವಾಕ್ಯದಲ್ಲಿಟ್ಟು ನೋಡುವುದು, ಏಕವಚನವೋ ಬಹುವಚನವೋ ಗಮನಿಸುವುದು, ಬರೆದವರು ಯಾವ ದೇಶದವರು, ಯಾವ ಕಾಲದವರು ಎಂದು ವಿಚಾರಿಸುವುದು, ಆಮೇಲೆ ನಿಘಂಟಿನ ಸಾಲಿನಿಂದ ಆರಿಸುವುದು ಸರಿಯಾದ ಕ್ರಮ. ಇಂಗ್ಲಿಷ್ ನಾಮಪದಗಳ ಅರ್ಥಗಳನ್ನು ಪಟ್ಟಿಮಾಡಿ ಉರುಹೊಡೆದು ಮುಗಿಸಲಾಗದು. ಅವು ಹುಟ್ಟುವ ದಾರಿಗಳು ಕೆಲವೇ ಆದ್ದರಿಂದ ಆ ದಾರಿಗಳನ್ನು ಅರಿಯುವುದು ಸಾಧ್ಯ, ಸಾಕು.